ಆತು ಎಂಬ ಷರಾ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಅವ್ವ ಮಾವಳ್ಳಿಯಲ್ಲಿ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿ ನನ್ನನ್ನು ಓದಿಸಿದಳು. ಆ ಪದವಿಯಿಂದಲೇ ಕುಮಟೆಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆ ನಮ್ಮ ಆಡಳಿತ ಮಂಡಳಿಯ ಕಾಲೇಜುಗಳಿದ್ದವು. ಐಚ್ಛಿಕ ವಿಷಯಗಳು ಮಾತ್ರ ಒಂದೊಂದು ಕಡೆ ಒಂದೊಂದು. ನಡುವೆ ಕಾಲೇಜು ಬದಲಿಸಿದವರ ಯಾವ ವಿಷಯ ಎಲ್ಲಿ ಯಾವುದಕ್ಕೆ ಸಮ ಎಂದು ತಿಳಿಯಲು ಮೂರೂ ಕಾಲೇಜಿಗೆ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪುಟವಿತ್ತು. ಎರಡು ಸಾವಿರದ ಇಸವಿಯ ಆಚೀಚೆ ಮಾಡಿಸಿದ್ದು. ಅದರಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಪ್ರತಿ ಸಾಲಿನ ಕೊನೆಗೆ ಷರಾ ಹಾಕುವ ಜಾಗ. ಅಲ್ಲಿ ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ‘ಆತು’ ಎಂದು ಹೊಡೆದುಬಿಡುತ್ತಿದ್ದೆವು.

ಆ ಷರಾ ನೋಡಿಯೇ ತೆಂಗಿನಗುಂಡಿಯ ಹುಡುಗಿಯೊಬ್ಬಳನ್ನು ಬಿ.ಕಾಂ. ಎರಡನೇ ವರ್ಷಕ್ಕೆ ಸೇರಿಸಿಕೊಂಡೆವು. ಮೊದಲ ವರ್ಷ ಭಟ್ಕಳದಲ್ಲಿ ಓದಿದವಳು, ತಾಯಿ ಇಲ್ಲದ್ದರಿಂದ ಅಕ್ಕನ ಬಾಣಂತನಕ್ಕೆ ತಾನೇ ಕುಮಟೆಗೆ ಬಂದು ಇಲ್ಲೇ ಉಳಿದಿದ್ದಳು. ಅಪ್ಪ ಬೋಟಿನ ಕೆಲಸದವನು.

“ಅಕ್ಕೋರೆ, ಒಂದು ವರ್ಷ ಹೆಚ್ಚಾಗೂದಿಲ್ಲ ಅಲ್ದಾ? ಅಪ್ಪ ಮೂರು ವರ್ಷ ಅಂದಿದ್ರು. ಮೇಲೆ ಒಂದು ದಿನ ಬಿಡೂದಿಲ್ಲ.”

“ನಾನು ಪಾಠ ಹೇಳೋ ಅಕ್ಕೋರಲ್ಲ, ಗುಮಾಸ್ತೆ. ಇಲ್ಲಿ ನೋಡು, ಆತು ಅಂತ ಅದೆ.”

ಅವಳಿಗೆ ನಗು ಬಂತು. ಕಂಪ್ಯೂಟರಿಗೂ ನಮ್ಮ ಮಾತು ಬರುತ್ತದಾ ಎಂದಳು.

ಕೆಲವು ತಿಂಗಳ ಮೇಲೆ ಹಳೆಯ ಪುಟ ತೆಗೆದು ಹೊಸದು ಮಾಡುವ ತೀರ್ಮಾನವಾಯಿತು. ಹುಬ್ಬಳ್ಳಿಯಿಂದ ಕಂಪ್ಯೂಟರಿನವರೊಬ್ಬರು ಬಂದರು. ಮೂರೂ ಊರಿಗೆ ನಡುವೆಂದು ಹೊನ್ನಾವರದಲ್ಲಿ ಸಭೆ ಸೇರಿದೆವು.

“ಎಲ್ಲಾ ಕಡೆ ಆತು ಆತು ಅಂತ ಐತಲ್ರಿ, ಏನ್ ಆತು?” ಎಂದು ಅವರು ಕೇಳಿದರು.

“ಒಪ್ಪಿ ಆತು,” ಎಂದೆ ನಾನು.

ಭಟ್ಕಳದ ಗುಮಾಸ್ತರು ನನ್ನ ಕಡೆ ತಿರುಗಿದರು. “ಎಂತ ಮಾರಾಯ್ತಿ, ಒಪ್ಪೂದು ನಿಮ್ಮ ಮಾಸ್ತರ ಕೆಲ್ಸ. ನಾವು ಪಠ್ಯ ಕಳ್ಸಿ ಆತು ಅಂತ ಬರಿತಿದ್ದದ್ದು.”

“ನಮ್ದು ಓದಿ ಆತು,” ಎಂದರು ಹೊನ್ನಾವರದವರು. “ಒಪ್ಪಿದ್ರಾ ಬಿಟ್ರಾ, ಅದು ಬೇರೆ.”

“ನಮ್ಮ ಕಡೆನೂ ಆತು ಅಂತೀವ್ರಿ. ಆದ್ರ ಕಂಪ್ಯೂಟರಿಗೆ ಹೌದು, ಇಲ್ಲ, ಎರಡ ತಿಳಿತಾವು,” ಎಂದರು ಹುಬ್ಬಳ್ಳಿಯವರು.

ಎಲ್ಲರೂ ನಕ್ಕರು. ನನಗೆ ತೆಂಗಿನಗುಂಡಿಯ ಹುಡುಗಿ ನೆನಪಾದಳು. ‘ಆತು’ ಎಂದಿದ್ದ ಸಾಲುಗಳನ್ನೆಲ್ಲ ಖಾಲಿ ಬಿಟ್ಟು, ಆಯಾ ವಿಷಯದ ಉಪನ್ಯಾಸಕರು ಪಠ್ಯ ಹೋಲಿಸಿ ನೋಡಿದ ಮೇಲೆ ತುಂಬುವುದು ಎಂದು ತೀರ್ಮಾನವಾಯಿತು.

ಮರುದಿನವೇ ಅವಳ ಐಚ್ಛಿಕ ವಿಷಯದ ನಮ್ಮ ಉಪನ್ಯಾಸಕರ ಮುಂದೆ ಭಟ್ಕಳದ ಪಠ್ಯ ಇಟ್ಟೆ. ಅವರು ತಾಳ್ಮೆಯಿಂದ ಓದಿದರು. “ಇದ್ರಲ್ಲಿ ವೆಚ್ಚದ ಲೆಕ್ಕ ಅರ್ಧವೂ ಇಲ್ಲ. ಹೌದು ಅಂತ ಹ್ಯಾಗೆ ಹಾಕ್ಲಿ?”

“ಹುಡುಗಿ ಆಗ್ಲೇ ಎರಡನೇ ವರ್ಷದಲ್ಲಿ ಕೂತಿದ್ದಾಳೆ ಸರ್.”

“ಕೂತ್ರೆ ಆತಾ? ಪಾಠ ತಲೆಗೆ ಹೋಗ್ಬೇಕಲ್ಲ.”

ಅವರು ಹೇಳಿದ್ದು ಸರಿಯಿತ್ತು. ಆ ಲೆಕ್ಕ ಏನೂ ತಲೆಗೆ ಹತ್ತುತ್ತಿಲ್ಲ ಎಂದು ಅವಳೇ ನನ್ನ ಹತ್ತಿರ ಒಮ್ಮೆ ಅತ್ತಿದ್ದಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಕುರ್ಚಿಗೆ ಬಂದು ಕೂತೆ.

ಅವಳನ್ನು ಕರೆದು ಹೇಳಿದೆ: ಮೊದಲ ವರ್ಷದ ಆ ವಿಷಯವನ್ನು ಇಲ್ಲಿ ಮತ್ತೆ ಓದಬೇಕು, ಒಂದು ವರ್ಷ ಹೋಗುತ್ತದೆ.

“ಆತು ಅಂತ ಇತ್ತಲ್ಲ ಅಕ್ಕೋರೆ?”

“ಇತ್ತು.”

“ಮತ್ತೆ?”

ಅಪ್ಪನ ಹತ್ತಿರ ನಾನೇ ಬಂದು ಮಾತಾಡುತ್ತೇನೆ ಎಂದೆ. ನನಗೂ ಓದು ಬಿಡಿಸಲು ನೆಂಟರೆಲ್ಲ ನೋಡಿದ್ದರು, ಅವ್ವ ಜಗ್ಗಲಿಲ್ಲ ಎಂದೂ ಹೇಳಿದೆ.

“ನಿಮಗೆ ಅವ್ವ ಇದ್ರು,” ಎಂದಳು. “ಆತು, ಟಿ.ಸಿ. ಕೊಡಿ.”

ಹೊಸ ಪುಟ ಚೆನ್ನಾಗಿತ್ತು. ಅಚ್ಚ ಕನ್ನಡದಲ್ಲಿ ‘ಹೌದು’, ‘ಇಲ್ಲ’. ಅದನ್ನು ನಂಬಿ ಆಮೇಲೆ ಯಾರೂ ಮೋಸಹೋಗಲಿಲ್ಲ. ಅವಳ ವಿಷಯದ ಸಾಲಿನಲ್ಲಿ ‘ಇಲ್ಲ’ ಎಂದು ತುಂಬಿದವಳು ನಾನೇ.

ಈಗ ಕಚೇರಿಯ ಕಿಟಕಿಯಲ್ಲಿ ಯಾರು ಬಂದು ಕೇಳಿದರೂ ನಾನು ಬರೀ ಆತು ಎನ್ನುವುದಿಲ್ಲ. ಏನಾಯಿತು, ಏನಾಗಿಲ್ಲ ಎಂದು ಬಿಡಿಸಿ ಹೇಳುತ್ತೇನೆ. ಮನೆಯಲ್ಲೂ ಅದೇ ರೂಢಿ. ಊಟ ಆತಾ ಎಂದರೆ ಉಂಡೆ ಎನ್ನುತ್ತೇನೆ. ಕಾಲೇಜು ಸೇರಿದ ಮೇಲೆ ಇವಳಿಗೆ ನಮ್ಮ ಮಾತೇ ಮರೆತುಹೋಗಿದೆ ಎಂದು ಅವ್ವ ನೆರೆಯವರ ಹತ್ತಿರ ಹೇಳಿ ನಗುತ್ತಾಳೆ.