ಮೌಶಿ ಆರಿಸಿದ ಮಾಲ್ಟ್

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಬ್ರೂಗೂ ಒಂದು ಪುಟವಿದೆ: ದಿನ, ನೀರು, ಹಾಪ್ಸ್, ಯೀಸ್ಟ್, ಉಷ್ಣಾಂಶ. ಕೊನೆಯ ಕಾಲಂ ‘ಎರಡನೇ ಗ್ಲಾಸ್’. ಮೆಲ್ಬರ್ನಿನ ನಮ್ಮ ಹೋಮ್‌ಬ್ರೂ ಕ್ಲಬ್ಬಿನಲ್ಲಿ ನನ್ನನ್ನು ಬಿಟ್ಟು ಹದಿನೆಂಟು ಜನ. ತಿಂಗಳಿಗೊಮ್ಮೆ ಮನೆಯಲ್ಲಿ ಮಾಡಿದ ಬಿಯರನ್ನು ತಂದು ಹಂಚಿಕೊಳ್ಳುತ್ತೇವೆ. ಮೊದಲ ಗ್ಲಾಸನ್ನು ಎಲ್ಲರೂ ಮರ್ಯಾದೆಗೆ ಕುಡಿಯುತ್ತಾರೆ. ಎರಡನೆಯದಕ್ಕೆ ತಾವಾಗಿಯೇ ಎದ್ದು ಬಂದವರನ್ನಷ್ಟೇ ನಾನು ಎಣಿಸುತ್ತೇನೆ.

ಡಿಸೆಂಬರಿನಿಂದ ಮೇವರೆಗೆ ಆರು ಬಾರಿ ಇಂಗ್ಲಿಷ್ ಬಿಟರ್ ಮಾಡಿದೆ. ಅದು ತಿಳಿ ಕಂದು ಬಣ್ಣದ, ಹಳೇ ಕಾಲದ ಏಲ್ ಬಿಯರ್. ಎರಡನೇ ಗ್ಲಾಸಿನ ಲೆಕ್ಕ ಹೀಗಿತ್ತು: ಐದು, ಮೂರು, ಎರಡು, ಒಂದು, ಸೊನ್ನೆ, ಸೊನ್ನೆ. ಇಂಗ್ಲೆಂಡಿನ ಯಾರ್ಕ್‌ಶೈರಿನಿಂದ ಬಂದು ನೆಲೆಸಿದ ಮುದುಕರೊಬ್ಬರು ಪ್ರತಿ ಸಲವೂ ಒಂದು ಗುಟುಕು ಕುಡಿದು, “ತುಂಬ ಕ್ಲೀನ್ ಆಗಿದೆ” ಎನ್ನುತ್ತಿದ್ದರು. ಹೊಗಳಲು ಬೇರೇನೂ ಸಿಗದಾಗ ಅವರು ಹೇಳುವ ಮಾತು ಅದೆಂದು ಮೂರನೇ ಸಲಕ್ಕೆ ನನಗೆ ತಿಳಿದುಹೋಯಿತು. ನಾನು ಕಹಿ ಕೊಡುವ ಹಾಪ್ಸ್ ಹೂ ಬದಲಿಸಿದೆ, ಯೀಸ್ಟ್ ಬದಲಿಸಿದೆ, ನೀರಿಗೆ ಜಿಪ್ಸಮ್ ಹಾಕಿ ನೋಡಿದೆ. ಮಾಲ್ಟ್ ಮಾತ್ರ ಬದಲಿಸಲಿಲ್ಲ. ಬಿಯರಿನ ಮೈಯೆಲ್ಲ ಅದೇ. ಹಾಕುವ ಕಾಳಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು, ಮೊಳಕೆ ಬರಿಸಿ ಒಣಗಿಸಿದ ಆ ಬಾರ್ಲಿ. ಇಂಗ್ಲೆಂಡಿನಿಂದ ಬಂದ ಇಪ್ಪತ್ತೈದು ಕಿಲೋ ಚೀಲ ಮೆಲ್ಬರ್ನ್ ಹೊರವಲಯದ ಟ್ರುಗನಿನಾದಲ್ಲಿರುವ ನನ್ನ ಗರಾಜಿನಲ್ಲಿತ್ತು. ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಮಾಲ್ಟಿಗೆಂದು ಪುಟದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.

ಜುಲೈ ಸಭೆಗೆ ಏಳನೆಯದನ್ನು ಒಯ್ಯಬೇಕಿತ್ತು. ಈ ಸಲವೂ ಸೊನ್ನೆ ಬಂದರೆ ಪಾತ್ರೆಗಳನ್ನು ಮಾರಿಬಿಡುವುದೆಂದು ಪುಟದ ಮೇಲೆ ಬರೆದು, ಕೆಳಗೆ ಗೆರೆ ಎಳೆದೆ. ಜೂನ್ ಲಾಂಗ್ ವೀಕೆಂಡಿಗೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ಮೌಶಿಯ, ಅಂದರೆ ಚಿಕ್ಕಮ್ಮನ, ಮನೆಗೆ ಹೊರಟಾಗ, ಬದಲಿಸದೆ ಉಳಿದದ್ದು ಮಾಲ್ಟ್ ಒಂದೇ ಎಂದು, ಹೋಲಿಸಿ ನೋಡಲು ಬ್ಯಾಗಿನಲ್ಲಿ ಮೂರು ಪೊಟ್ಟಣ ಇಟ್ಟುಕೊಂಡೆ. ಒಂದರಲ್ಲಿ ಲಾಗರ್ ಬಿಯರಿಗೆ ಬಳಸುವ ಬಿಳುಪು ಮಾಲ್ಟ್. ಎರಡನೆಯದರಲ್ಲಿ ನಮ್ಮ ರಾಜ್ಯ ವಿಕ್ಟೋರಿಯಾದ್ದೇ ಏಲ್ ಮಾಲ್ಟ್, ಸ್ವಲ್ಪ ಹೆಚ್ಚು ಕಾವಿನಲ್ಲಿ ಒಣಗಿಸಿದ್ದು. ಮೂರನೆಯದರಲ್ಲಿ ನನ್ನ ಇಂಗ್ಲಿಷ್ ಚೀಲದ ಕೊನೆಯ ಕಾಳುಗಳು. ಭಾನುವಾರ ಬೆಳಿಗ್ಗೆ ಮೂರನ್ನೂ ಒಂದೊಂದು ಹಿಡಿ ಕುಟ್ಟಿ, ಅರವತ್ತಾರು ಡಿಗ್ರಿಯ ನೀರು ಹಾಕಿ, ಮೌಶಿಯ ಮೂರು ಸ್ಟೀಲ್ ಫ್ಲಾಸ್ಕಿನಲ್ಲಿ ಒಂದು ತಾಸು ಮುಚ್ಚಿಟ್ಟೆ.

ಕೇಳದೆ ತೆಗೆದುಕೊಂಡಿದ್ದೆ.

“ಗುಡಿಗೆ ಚಹಾ ಒಯ್ಯೂ ಫ್ಲಾಸ್ಕ್ ಅದು! ಏನ್ ತುಂಬೀಯವ್ವಾ ಅದರಾಗ?”

“ಬಾರ್ಲಿ, ಮೌಶಿ.”

“ನನ್ನ ಅಡಗಿ ಮನ್ಯಾಗ ಸೆರೆ ಕಾಸಾಕತ್ತೀ ಅನ್ನು.”

“ಇನ್ನಾ ಸೆರೆ ಆಗಿಲ್ಲ. ಯೀಸ್ಟ್ ಹಾಕಿ ವಾರಗಟ್ಟಲೆ ಇಟ್ಟ ಮ್ಯಾಲೆ ಆಗೋದು. ಈಗ ಬರೇ ಸಿಹಿ ನೀರು.”

“ಖರೇನ? ಹಂಗಾರ ತಾ, ನೋಡೂಣು.”

ಸೋಫಾದಿಂದ ಮೌಶಿಯ ಗಂಡ, ಕಾಕಾ, ಕೂಗಿದರು: “ಕುಡಿ, ಕುಡಿ! ಹುಬ್ಬಳ್ಳಿ ಮಂದಿಗೆ ವಿಡಿಯೋ ಕಾಲ್ ಹಚ್ಚೇ ಬಿಡ್ತೀನಿ.”

“ನೀವು ಸುಮ್ನ ಕೂಡ್ರಿ.”

ಮೌಶಿ ಲೋಟಕ್ಕೆ ತುಟಿ ತಾಗಿಸದೆ, ಎತ್ತಿ ಬಾಯಿಗೆ ಹೊಯ್ದುಕೊಂಡಳು. ಮೊದಲನೆಯದಕ್ಕೆ, “ಸಕ್ಕರಿ ನೀರು.” ಎರಡನೆಯದನ್ನು ಇನ್ನೊಮ್ಮೆ ಹೊಯ್ದುಕೊಂಡಳು. ಮೂರನೆಯದಕ್ಕೆ ಮುಖ ಕಿವುಚಿ, “ಇದರ ಕಾಳು ಎಲ್ಲಿ ಅವ?” ಎಂದಳು.

ಪೊಟ್ಟಣ ಕೊಟ್ಟೆ. ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿದಳು. ಸದ್ದೇ ಬರಲಿಲ್ಲ.

“ಮೆತ್ತಗಾಗೇದಲ್ಲೇ! ಹಡಗಿನ್ಯಾಗ ಬಂದದ್ದು, ಹೌದಿಲ್ಲೋ? ಇಲ್ಲಿ ಅಂಗಡಿ ಜ್ವಾಳದ ಹಿಟ್ಟೂ ಹಿಂಗ. ತಟ್ಟಾಕ ಹೋದ್ರ ಹರೀತದ. ಎಷ್ಟ್ ದಿನಾ ಆತು ಚೀಲಾ ಬಿಚ್ಚಿ?”

“ಡಿಸೆಂಬರಿನ್ಯಾಗ.”

“ಇಲ್ಲಿ ಬ್ಯಾಸಗಿ ಪೂರಾ ಬಾಯಿ ತೆರ್ಕೊಂಡ ಇತ್ತೇನು?”

ನಾನು ನೋಟ್‌ಬುಕ್ ತೆರೆದೆ. ಐದು, ಮೂರು, ಎರಡು, ಒಂದು, ಸೊನ್ನೆ, ಸೊನ್ನೆ. ಚೀಲ ಹಳತಾದಂತೆಲ್ಲ ಲೆಕ್ಕ ಇಳಿದಿತ್ತು. ಆರು ತಿಂಗಳು ನನ್ನದೇ ಕೈಬರಹ ಇದನ್ನು ಹೇಳುತ್ತಿದ್ದರೂ ನಾನು ಓದಿರಲಿಲ್ಲ. ಆದರೂ ಒಂದೇ ಸಲದ ಮಾತನ್ನು ನಂಬಲಾರದೆ, ಲೋಟಗಳನ್ನು ಅದಲುಬದಲು ಮಾಡಿ ಇನ್ನೆರಡು ಸಲ ಕೊಟ್ಟೆ. ಎರಡೂ ಸಲ ಮೌಶಿಯ ಬೆರಳು ವಿಕ್ಟೋರಿಯಾದ ಮಾಲ್ಟಿನ ಕಡೆಗೇ ಹೋಯಿತು.

“ಇದಕ್ಕ ಹುರಿದ ವಾಸನಿ ಅದ. ನುಂಗಿದ ಮ್ಯಾಲೂ ಬಾಯಾಗ ಇರ್ತದ. ಹೋಗು, ಫ್ಲಾಸ್ಕ್ ತಿಕ್ಕಿಡು.”

ಮೆಲ್ಬರ್ನಿಗೆ ಮರಳಿದ ವಾರವೇ ಆ ಮಾಲ್ಟನ್ನು ಬೇಕಾದಷ್ಟೇ, ನಾಲ್ಕು ಕಿಲೋ ಕೊಂಡೆ. ಮನೆಗೆ ಬಂದು ಕಾಳು ಕಡಿದೆ. ಟಕ್ ಎಂದು ಒಡೆಯಿತು. ಉಳಿದದ್ದೆಲ್ಲ ಮೊದಲನೇ ಬಾರಿ ಮಾಡಿದ ಹಾಗೆಯೇ ಮಾಡಿದೆ.

ಜುಲೈ ಸಭೆಗೆ ಒಯ್ದದ್ದು ಒಂಬತ್ತು ಲೀಟರಿನ ಒಂದು ಪುಟ್ಟ ಪೀಪಾಯಿ, ಕೆಗ್; ಅಂದರೆ ಸುಮಾರು ಮೂವತ್ತು ಗ್ಲಾಸು. ಹದಿನೆಂಟು ಮಂದಿ ಮೊದಲ ಗ್ಲಾಸು ಕುಡಿದರು. ನಾನು ಪೆನ್ಸಿಲ್ ಹಿಡಿದು ಗೋಡೆಗೊರಗಿ ನಿಂತೆ. ಒಬ್ಬಾತ ಎದ್ದು ಬಂದ. ಆಮೇಲೆ ಇಬ್ಬರು. ಏಳನೆಯ ಗೆರೆಯನ್ನೂ ಎಳೆದೆ. ಹನ್ನೆರಡನೆಯವರು ಆ ಯಾರ್ಕ್‌ಶೈರಿನ ಮುದುಕರು.

“ಇದು ನಮ್ಮೂರಿನ ಮಾಲ್ಟ್ ತಾನೆ?” ಎಂದರು.

“ಅಲ್ಲ, ಇಲ್ಲಿಯದೇ. ನನ್ನ ಚಿಕ್ಕಮ್ಮ ಆರಿಸಿದ್ದು. ಅವರು ಇದುವರೆಗೆ ಬಿಯರ್ ಮುಟ್ಟಿದವರಲ್ಲ.”

ಅವರು ಜೋರಾಗಿ ನಕ್ಕರು. ಗ್ಲಾಸು ಮುಗಿಸಿ ಮತ್ತೆ ನಲ್ಲಿಯ ಕೆಳಗೆ ಹಿಡಿದರು. ಬರೀ ನೊರೆ ಬಂತು. “ಮುಗಿಯಿತು,” ಎಂದೆ. ನನ್ನನ್ನು ನಂಬದೆ ಕೆಗ್ಗನ್ನು ತಾವೇ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

“ಕಾರಿನಲ್ಲಿ ಇನ್ನೊಂದು ಇದೆಯಾ?”