ಪೊಟ್ಟಣದ ಮೇಲಿನ ಅಕ್ಷರ

ನನ್ನ ಮೈದುನನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಮೂರು ಸಲ ಕಿತ್ತು ಬಂದು, ಮೂರು ಸಲ ಬೆಳೆದು, ನಾಲ್ಕನೆಯ ಸಲ ಬೆಳೆಯುವುದನ್ನೇ ಬಿಟ್ಟಿತ್ತು. ಆ ಜಾಗದಲ್ಲಿ ಹಲಸಿನ ಬೀಜದ ಸಿಪ್ಪೆಯಂಥ ನುಣುಪು ಚರ್ಮ. ನಾನು ಮದುವೆಯಾಗಿ ಯಸಳೂರಿನ ಈ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. ನಾನು ನೋಡಿದ್ದನ್ನು ನೋಡಿ, "ಹೆದರ್ಕೋಬ್ಯಾಡಿ ಅತ್ತಿಗೆ. ಇದು ಗೋಲ್ ಹೊಡೆಯೋ ಕಾಲಲ್ಲ, ನಿಂತ್ಕೊಳೋ ಕಾಲು. ಎಲ್ರೂ ತುಳಿಯೋದು ಇದನ್ನೇ," ಎಂದ.

ಆಗ ಅವನಿಗೆ ಹತ್ತೊಂಬತ್ತು. ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದ. ಎರಡು ವರ್ಷದಲ್ಲಿ ಗೋವಾದ ಕ್ಲಬ್ಬೊಂದು ಅವನನ್ನು ಸ್ಟ್ರೈಕರ್ ಆಗಿ ತೆಗೆದುಕೊಂಡಿತು. ಫುಟ್‌ಬಾಲನ್ನೇ ಕೆಲಸ ಮಾಡಿಕೊಂಡವನು ನಮ್ಮ ಸುತ್ತಿನಲ್ಲಿ ಅವನೊಬ್ಬನೇ. ನಮ್ಮತ್ತೆಗೆ ಅದು ಕೊನೆಗೂ ಅರ್ಥವಾಗಲಿಲ್ಲ. "ಚೆಂಡೊದ್ದಿದ್ದಕ್ಕೆ ಸಂಬಳ ಕೊಡ್ತಾರಂತೆ! ನಾನು ಕೊಟ್ಟಿಗೇಲಿ ದಿನಾ ಹಸು ಕೈಲಿ ಒದೆಸ್ಕೊಂಡೆ, ನಂಗ್ಯಾರೂ ಕೊಡ್ಲಿಲ್ಲ ಕಣೋ," ಎನ್ನುವರು. ಅವನು ಅವರ ಮೊಣಕಾಲನ್ನು ಮುಟ್ಟಿ ನಮಸ್ಕಾರ ಮಾಡಿ ನಗುತ್ತಿದ್ದ.

ಕ್ಲಬ್ಬಿನ ಕರಾರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳು ಮನೆಯಲ್ಲಿ ನಾನೊಬ್ಬಳೇ; ಅದರ ಪುಟಗಳನ್ನು ನನ್ನ ಫೋನಿಗೆ ಕಳಿಸುತ್ತಿದ್ದ. ಒಲೆಯ ಮೇಲೆ ಅನ್ನಕ್ಕಿಟ್ಟು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಕ್ಲಬ್ಬಿನ ಡಾಕ್ಟರನ್ನು ಕೇಳದೆ ಯಾವ ಔಷಧಿಯನ್ನೂ ತೆಗೆದುಕೊಳ್ಳಕೂಡದು ಎಂಬ ಸಾಲನ್ನು ಎರಡೆರಡು ಸಲ ಓದಿ ಹೇಳಿದವಳು ನಾನೇ.

ಪ್ರತಿ ಮ್ಯಾಚ್ ಆದ ಮೇಲೆ ಅವನ ಫೋನ್ ಬರುತ್ತಿತ್ತು. ಗೋಲ್ ಹೊಡೆದಿದ್ದರೆ "ಪಾಸ್ ಅತ್ತಿಗೆ", ಇಲ್ಲದಿದ್ದರೆ "ಫೇಲ್". ತಂಡ ಗೆದ್ದ ದಿನವೂ ಅವನು ಫೇಲಾಗಿರುತ್ತಿದ್ದುದುಂಟು. "ತೊಂಬತ್ತು ನಿಮಿಷದಾಗೆ ಚೆಂಡು ನನ್ ಹತ್ರ ಇರೋದು ಎಲ್ಲ ಸೇರಿ ಎರಡೇ ನಿಮಿಷ. ಮಿಕ್ಕಿದ್ದೆಲ್ಲ ಓಡೋದು, ಕಾಯೋದು, ಒದೆ ತಿನ್ನೋದು. ಆ ಎರಡು ನಿಮಿಷದಾಗೆ ತಪ್ಪಿದ್ರೆ ಮಿಕ್ಕಿದ್ದನ್ನ ಯಾರು ಕೇಳ್ತಾರೆ?" ಎನ್ನುತ್ತಿದ್ದ.

ಇಪ್ಪತ್ತಾರನೆಯ ವಯಸ್ಸಿಗೆ ಬಲ ಮೊಣಕಾಲು ಕೈಕೊಡತೊಡಗಿತು. ಕರಾರು ಹೊಸದಾಗಿ ಬರೆಸುವ ಕಾಲ ಹತ್ತಿರವಿತ್ತು. "ಯಾರಿಗೂ ಹೇಳಿಲ್ಲ ಅತ್ತಿಗೆ. ಹೇಳಿದ್ರೆ ಬೆಂಚಲ್ಲಿ ಕೂರಿಸ್ತಾರೆ. ನನ್ ಜಾಗಕ್ಕೆ ಬಂದೋನು ಎರಡು ಗೋಲ್ ಹೊಡೆದ ಅಂದ್ರೆ ನನ್ ಕತೆ ಮುಗೀತು," ಎಂದ. ದನಿ ಸಣ್ಣಗಿತ್ತು.

ಅದೇ ಸಮಯದಲ್ಲಿ ನಮ್ಮತ್ತೆ ಮಂಡಿನೋವಿಗೆ ಬೆಟ್ಟದಾಚೆಯ ಒಬ್ಬ ನಾಟಿ ವೈದ್ಯರ ಪುಡಿ ತರಿಸಿಕೊಂಡು ಕುಡಿಯುತ್ತಿದ್ದರು. ಗೋಡೆ ಹಿಡಿದು ನಡೆಯುತ್ತಿದ್ದವರು ವಾರದಲ್ಲಿ ಮೆಣಸು ಒಣಹಾಕಿದ ಕಣದವರೆಗೆ ಹೋಗಿ ಬಂದರು. ನಾನು ಅದೇ ಪುಡಿಯನ್ನು ಇಪ್ಪತ್ತು ಪೊಟ್ಟಣ ಕಟ್ಟಿದೆ. ಪ್ರತಿಯೊಂದರ ಮೇಲೂ ಕಾನ್ವೆಂಟಿನ ದುಂಡು ಅಕ್ಷರದಲ್ಲಿ 'ಬೆಳಿಗ್ಗೆ, ಬಿಸಿನೀರಿನಲ್ಲಿ' ಎಂದು ಬರೆದು, ಚಕ್ಕುಲಿ ಡಬ್ಬದ ತಳದಲ್ಲಿಟ್ಟು, ಸಕಲೇಶಪುರದ ಬಸ್ಸಿನ ಕಂಡಕ್ಟರ್ ಕೈಲಿ ಕೊರಿಯರ್ ಅಂಗಡಿಗೆ ಕಳಿಸಿದೆ. ಕರಾರಿನ ಆ ಸಾಲು ನೆನಪಿಗೇ ಬರಲಿಲ್ಲ. ನಮ್ಮ ಕಡೆ ಔಷಧಿ ಎಂದರೆ ಮಾತ್ರೆ, ಇಂಜೆಕ್ಷನ್, ಟಾನಿಕ್ಕು. ಬೇರು, ಪುಡಿ, ಕಷಾಯವೆಲ್ಲ ಜೀರಿಗೆ ಮೆಣಸಿನ ಜೊತೆ ಒಂದೇ ಗೂಡಿನಲ್ಲಿರುವ ಸಾಮಾನು. ಅವನಿಗೂ ಹಾಗೇ. ಅತ್ತಿಗೆ ಕಳಿಸಿದ ಪುಡಿಗೆ ಡಾಕ್ಟರನ್ನು ಕೇಳುವುದೇನು?

"ಮೊಣಕಾಲು ಐತೋ ಇಲ್ವೋ ಅನ್ನಂಗಾಗೈತೆ!" ಎಂದು ಫೋನ್ ಮಾಡಿದ. ಒಂದಾದ ಮೇಲೊಂದು ಮೂರು ಮ್ಯಾಚ್ ಪಾಸ್. ಮೂರನೆಯದರ ನಂತರ ಮೂತ್ರ ಪರೀಕ್ಷೆಗೆ ತೆಗೆದುಕೊಂಡರು.

ಉದ್ದೀಪನ ಮದ್ದು, ಸ್ಟೀರಾಯ್ಡ್ ಎಂದು ಪೇಪರಿನಲ್ಲಿ ಬಂತು. ಎರಡು ವರ್ಷ ನಿಷೇಧ. ಕ್ಲಬ್ಬು ಕರಾರು ರದ್ದು ಮಾಡಿತು. ಎರಡು ಬ್ಯಾಗು ಹಿಡಿದುಕೊಂಡು ಮನೆಗೆ ಬಂದ.

ಹೇಳಲು ನಾಚಿಕೆಯಾಗುತ್ತದೆ: ನಾನು ಪೇಪರನ್ನು ನಂಬಿದೆ. ಪುಡಿಯನ್ನು ನೆನೆಯಲೂ ಇಲ್ಲ. ಒಂದು ಮಧ್ಯಾಹ್ನ ಅವನ ಮುಂದೆ ಕಾಫಿ ಇಟ್ಟು ಮೆಲ್ಲಗೆ, ಟೀಚರಮ್ಮನ ಹಾಗೆ ಬುದ್ಧಿ ಹೇಳಿದೆ.

"ಎಷ್ಟೇ ಕಷ್ಟ ಇದ್ರೂ ಅಡ್ಡದಾರಿ ಹಿಡೀಬಾರ್ದಿತ್ತು ಕಣೋ. ಹೋಗ್ಲಿ, ಮಾಡಿದ ತಪ್ಪನ್ನ ಒಪ್ಕೋ."

ಅವನು ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತಿದ್ದ. "ಆಯ್ತು ಅತ್ತಿಗೆ. ಒಪ್ಕೊಂಡೆ."

ಆಮೇಲೆ ವನಗೂರಿನ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುವ ಕೆಲಸಕ್ಕೆ ಸೇರಿದ. ಅಂಗಡಿ ಮುಂದೆ ನಿಲ್ಲಿಸಿದರೆ, "ಏನ್ ಮಾರಾಯ, ಜೀಪಿಗೂ ಇಂಜೆಕ್ಷನ್ ಚುಚ್ಚಿದ್ಯಾ, ಏರು ಹಿಂಗೆ ಹತ್ತುತ್ತೆ?" ಎನ್ನುವರು. ಅವನು ತಿರುಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಮನೆಯಲ್ಲಿ ಒಂದೇ ಒಂದು ದಿನ ಸಿಟ್ಟಾದ. ಅತ್ತೆಯ ಪುಡಿಯ ಡಬ್ಬವನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದ. "ಇದನ್ನ ಇನ್ಮೇಲೆ ಕೊಡಬ್ಯಾಡಿ. ಹಾಸನದ ಡಾಕ್ಟರಿಗೆ ತೋರ್ಸಣ," ಎಂದ. ವಯಸ್ಸಾದವರ ನೋವಿನ ಬೆಲೆ ಇವನಿಗೇನು ಗೊತ್ತು ಎಂದು ಬೈದುಕೊಂಡೆ. ಅವನಿಗೆ ಕಾಣದಂತೆ ಮತ್ತೆ ತರಿಸಿದೆ.

ಅತ್ತೆಯ ಮುಖ ಗುಂಡಗಾಗುತ್ತಾ ಬಂತು. ನೆಂಟರು "ಸೊಸೆ ಚೆನ್ನಾಗಿ ನೋಡ್ಕಂಡವ್ಳೆ" ಎಂದರು. ಒಂದು ದಿನ ಅವರು ಹಿತ್ತಿಲಲ್ಲಿ ಕುಸಿದುಬಿದ್ದರು. ಅವನೇ ಜೀಪಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದ. ನಾನು ಜೊತೆಯಲ್ಲಿದ್ದೆ. ಡಾಕ್ಟರು ಅತ್ತೆಯ ಕೆನ್ನೆ ಒತ್ತಿ ನೋಡಿ, ಯಾವ ಪುಡಿ ಕೊಡುತ್ತಿದ್ದೀರಿ ಎಂದು ನೇರ ನನ್ನನ್ನೇ ಕೇಳಿದರು. "ಇದರಲ್ಲಿ ಸ್ಟೀರಾಯ್ಡ್ ಬೆರೆಸಿರ್ತಾರಮ್ಮ. ನೋವು ಹೋಗುತ್ತೆ, ಆಮೇಲೆ ಮನುಷ್ಯನೇ ಹೋಗ್ತಾನೆ."

ಪೇಪರಿನಲ್ಲಿದ್ದ ಶಬ್ದವೂ ಅದೇ. ನಾನು ಮೈದುನನ ಕಡೆ ತಿರುಗಿದೆ. ಅವನು ಆಗಲೇ ಬಾಗಿಲಾಚೆ ಹೋಗಿದ್ದ.

ಹೊರಗೆ ಬೆಂಚಿನ ಮೇಲೆ ಕೂತಿದ್ದ. "ನಿಂಗೆ ಗೊತ್ತಿತ್ತಾ?" ಎಂದೆ.

"ಟೆಸ್ಟ್ ರಿಪೋರ್ಟ್ ಬಂದಾಗ್ಲೇ ಗೊತ್ತಾಯ್ತು. ಬೇರೆ ಏನೂ ತಗೊಂಡಿರ್ಲಿಲ್ವಲ್ಲ. ಎಲ್ಲಿಂದ ಬಂತು ಅಂತ ತೋರಿಸಿದ್ರೆ ಶಿಕ್ಷೆ ಕಮ್ಮಿಯಾಗುತ್ತೆ, ಉಳಿದ ಪೊಟ್ಟಣ ತಗೊಂಬಾ ಅಂತ ನಮ್ ಕ್ಲಬ್ ಡಾಕ್ಟ್ರು ಹೇಳಿದ್ರು."

"ಮತ್ತೆ?"

"ಅದರ ಮೇಲೆ ನಿಮ್ಮ ಅಕ್ಷರ ಇತ್ತು ಅತ್ತಿಗೆ. ಸುಟ್ಬುಟ್ಟೆ."

ಅವನೇ ಮುಂದುವರಿಸಿದ. "ನಿಮ್ಮನ್ನ ಕರೆಸಿ ಟೇಬಲ್ ಮುಂದೆ ಕೂರಿಸಿ ಕೇಳೋರು. ಅದಾದ್ರೂ ಹೋಗ್ಲಿ. ಅಣ್ಣನ ಬಾಯಿ ನಿಮ್ಗೆ ಗೊತ್ತಲ್ಲ. ಸಾರಿಗೆ ಉಪ್ಪು ಜಾಸ್ತಿಯಾದ್ರೂ 'ನನ್ ತಮ್ಮನ್ನ ಮುಗಿಸ್ದೋಳು' ಅಂತಿದ್ದ. ನೀವು ಆ ಮನೇಲಿ ಬಾಳಬೇಕಲ್ಲ."

"ಈಗ್ಲೇ ಹೋಗಣ. ನಾನೇ ಬರೆದುಕೊಡ್ತೀನಿ," ಎಂದೆ.

"ಅಪೀಲಿನ ಗಡುವು ಮುಗಿದು ವರ್ಷ ಆಯ್ತು. ನೀವು ಅಳಬ್ಯಾಡಿ, ಜನ ನೋಡ್ತಾವ್ರೆ," ಎಂದು ನನಗೆ ನೀರು ತರಲು ಎದ್ದುಹೋದ. ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡ.

ಅತ್ತೆ ಉಳಿದರು. ನಿಷೇಧ ಮುಗಿಯಲು ಮೂರು ತಿಂಗಳಿರುವಾಗ, ವನಗೂರಿನ ಇಳಿಜಾರಿನಲ್ಲಿ ಏಲಕ್ಕಿ ಮೂಟೆಗಳ ಸಮೇತ ಅವನ ಜೀಪು ಮಗುಚಿತು. ಅವನೊಬ್ಬನೇ ಇದ್ದ. ಇಪ್ಪತ್ತೆಂಟು ವರ್ಷ. ಪೇಪರು ನಾಲ್ಕು ಸಾಲು ಬರೆಯಿತು. ಎರಡು ಸಾಲು ಆ ಮದ್ದಿನದೇ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಪಂಕ್ತಿಯಲ್ಲಿ ಕೂತಿದ್ದ ನೆಂಟರೊಬ್ಬರು ಎಲೆಯ ಮೇಲೆ ಕೈಯಾಡಿಸುತ್ತಾ, "ಚಿನ್ನದಂಥ ಹುಡುಗ ಕಣ್ರೀ. ಆ ಡ್ರಗ್ಸ್ ಒಂದು ಮುಟ್ದೇ ಇದ್ದಿದ್ರೆ..." ಎಂದರು.

ಪಾಯಸದ ಸೌಟು ನನ್ನ ಕೈಯಲ್ಲಿತ್ತು. ನನ್ನ ಯಜಮಾನರು ಎರಡೆಲೆಯಾಚೆ ಅನ್ನ ಬಡಿಸುತ್ತಿದ್ದರು. ಆಣೆ ಮುರಿದೆ.

"ಅವನು ತಗೊಂಡಿದ್ದಲ್ಲ. ಅವ್ವನ ಪುಡಿ ನಾನು ಕಳಿಸಿದ್ದೆ, ಚಕ್ಕುಲಿ ಡಬ್ಬದಲ್ಲಿ. ನನ್ನ ಹೆಸರು ಬರಬಾರ್ದು ಅಂತ ಅವನು ಉಳಿದ ಪೊಟ್ಟಣ ಸುಟ್ಟು ಸುಮ್ಮನಿದ್ದ."

ಯಜಮಾನರು ಅನ್ನದ ಪಾತ್ರೆಯನ್ನು ನೆಲಕ್ಕಿಟ್ಟು ಹೊರಗೆ ಹೋದರು.

ಅವನು ಹೆದರಿದ್ದಂತೆ ಬೈಗುಳವೇನೂ ಬರಲಿಲ್ಲ. ಎರಡು ತಿಂಗಳು ಮಾತೇ ಇರಲಿಲ್ಲ. ಮೊನ್ನೆ ನಾನು ತಟ್ಟೆ ಇಡುವಾಗ, ಮುಖ ನೋಡದೆ ಕೇಳಿದರು.

"ಪೊಟ್ಟಣ ಸುಟ್ಟೆ ಅಂತ ಅವನೇ ಹೇಳಿದ್ನಾ?"

"ಹೂಂ."

ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ನಾನಾಗಿದ್ರೆ ಕ್ಲಬ್ಬಿನವ್ರಿಗೆ ಕೊಟ್ಬುಡ್ತಿದ್ದೆ," ಎಂದರು.

ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ, ನಾನೂ ಕೊಟ್ಟುಬಿಡುತ್ತಿದ್ದೆ.