ಮೋನೋದಲ್ಲಿ ಮುಚ್ಚಿಹೋದ ಬೆರಳು

ಬರಗೂರಿನ ಅಡವಯ್ಯ ಹಾರ್ಮೋನಿಯಂ ಮೇಷ್ಟ್ರು. ಸುತ್ತಿನ ಹಳ್ಳಿಗಳ ಪೌರಾಣಿಕ ನಾಟಕಗಳಿಗೆಲ್ಲ ಅವನೇ ನುಡಿಸಬೇಕಿತ್ತು. ೧೯೮೬ರಲ್ಲಿ ಸಿರಾದ ನಂದೀಶ್ವರಯ್ಯ ಮದುವೆಮನೆಗಳಿಗೆಂದು ಆರ್ಕೆಸ್ಟ್ರಾ ಕಟ್ಟಿ, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸಿಂಥಸೈಜರ್ ಎಂಬ ಕರೆಂಟಿನ ಕೀಬೋರ್ಡು ತಂದಾಗ ಅದರ ಮುಂದೆ ಕೂರಿಸಿದ್ದೂ ಅವನನ್ನೇ.

ಆ ವಾದ್ಯದ ಬೆನ್ನಲ್ಲಿ ಮಿಡಿ ಎಂದು ಬರೆದ ತೂತುಗಳಿದ್ದವು. ಅಲ್ಲಿ ವೈರು ಸಿಕ್ಕಿಸಿ ಇನ್ನೊಂದು ವಾದ್ಯವನ್ನು ಜೋಡಿಸಬಹುದಂತೆ. ಇವರ ಹತ್ತಿರ ಇನ್ನೊಂದು ಎಲ್ಲಿತ್ತು? ಅಡವಯ್ಯನ ಕಣ್ಣು ಬಿದ್ದದ್ದು ಮುಂದಿನ ಒಂದು ಗುಂಡಿಯ ಮೇಲೆ. ಅದನ್ನು ‘ಪಾಲಿ’ ಎಂದು ಬರೆದ ಕಡೆಗೆ ಇಟ್ಟರೆ ಒತ್ತಿದ ಕೀಗಳೆಲ್ಲ ಒಟ್ಟಿಗೆ ನುಡಿಯುತ್ತಿದ್ದವು. ‘ಮೋನೋ’ಗೆ ಇಟ್ಟರೆ ಒಂದೇ ಸ್ವರ. ಹೊಸ ಕೀ ಒತ್ತಿದೊಡನೆ ಹಳೆಯದರ ದನಿ ತಾನಾಗಿ ನಿಲ್ಲುತ್ತಿತ್ತು.

ಅವನು ಮೋನೋಗೆ ಇಟ್ಟ. "ನಮ್ ಹಾಡು ಒಂದೇ ಎಳೇಲಿ ಹೋಗೋದು. ಜಾರು ಎಂಗ್ ಬತ್ತದೆ ನೋಡಿ," ಎಂದ. ಕೊಳಲಿನ ಹಾಗೆ ಸ್ವರದಿಂದ ಸ್ವರಕ್ಕೆ ಜಾರುವ ಆ ನಾದಕ್ಕೆ ಎಲ್ಲರೂ ತಲೆದೂಗಿದರು.

ನಿಜವಾದ ಕಾರಣ ಬೇರೆ. ಅವನ ಬಲಗೈಯ ಕೊನೆಯ ಎರಡು ಬೆರಳು ಜಡವಾಗಿದ್ದವು, ಕೀ ಮೇಲಿಂದ ಹೊತ್ತಿಗೆ ಸರಿಯಾಗಿ ಏಳುತ್ತಿರಲಿಲ್ಲ. ಹಾರ್ಮೋನಿಯಂನಲ್ಲಾದರೆ ಹಳೆಯ ಸ್ವರ ಹೊಸದರ ಜೊತೆ ಕಲಸಿಹೋಗುತ್ತಿತ್ತು. ಮೋನೋದಲ್ಲಿ ಅದು ಯಾರ ಕಿವಿಗೂ ಬೀಳದು. ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆಯನ್ನು ತುಂಬುತೋಳಿನ ಅಂಗಿ ಮುಚ್ಚಿತ್ತು. ಆ ರೋಗದ ಹೆಸರನ್ನು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಅವನಿಗೆ ಭಯ. ಒಂದೊಂದು ಕಾರ್ಯಕ್ರಮ ಸರಾಗವಾಗಿ ಮುಗಿದಾಗಲೂ, ತನಗೇನೂ ಆಗಿಲ್ಲ ಎಂದು ನಂಬುತ್ತ ಬಂದ. ಹೀಗೇ ವರ್ಷ ಕಳೆಯಿತು.

ಕೊರಟಗೆರೆಯ ಮದುವೆಯೊಂದರಲ್ಲಿ ನಂದೀಶ್ವರಯ್ಯ ಹಟ ಹಿಡಿದ. "ಬರೀ ಪೀಪಿ ಊದ್ದಂಗೆ ಆಯ್ತದೆ ಅಡವಯ್ಯ. ಸಿನಿಮಾ ಹಾಡಿಗೆ ತುಂಬ್ಕಂಡ್ ಬರ್ಬೇಕು," ಎಂದು ತಾನೇ ಗುಂಡಿಯನ್ನು ‘ಪಾಲಿ’ಗೆ ತಿರುಗಿಸಿಬಿಟ್ಟ. ಹಾಡು ಶುರುವಾಯಿತು. ಏಳದ ಬೆರಳುಗಳ ಕೆಳಗೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಿರುಚಿದವು. ಜನ ಸಿಳ್ಳೆ ಹಾಕಿ ನಕ್ಕರು. ನಂದೀಶ್ವರಯ್ಯ ನಗಲಿಲ್ಲ. ಅವನು ಆ ಕೈಯನ್ನೇ ನೋಡುತ್ತಿದ್ದ.

ಮಾರನೆಯ ದಿನ ಜಗುಲಿಯಲ್ಲಿ ಕೂತಿದ್ದ ಅಡವಯ್ಯನ ಬೀಡಿ ಆ ಜಡ ಬೆರಳುಗಳ ಸಂದಿವರೆಗೂ ಉರಿದು ಚರ್ಮ ಸುಡುತ್ತಿತ್ತು. ಹೆಂಡತಿ ಶಿವರುದ್ರಮ್ಮ ವಾಸನೆ ಹಿಡಿದು ಓಡಿಬಂದಳು.

"ಇದೇನ್ರೀ! ಉರೀತಿಲ್ವ?"

ಅವನು ತೋಳಿನ ಗುಂಡಿ ಬಿಚ್ಚಿ ಮಚ್ಚೆ ತೋರಿಸಿದ.

ಅವಳೇ ಆಸ್ಪತ್ರೆಗೆ ಕರೆದೊಯ್ದಳು. "ಕುಷ್ಠ ವಾಸಿಯಾಗುತ್ತೆ, ಮಾತ್ರೆ ಬಿಡಬೇಡಿ," ಎಂದರು ಡಾಕ್ಟರು. "ಬೆರಳು ಮಾತ್ರ ಇನ್ನು ನೆಟ್ಟಗಾಗೋದು ಕಷ್ಟ. ವರ್ಷದ ಹಿಂದೆಯೇ ಬಂದಿದ್ದರೆ ಉಳಿಸಬಹುದಿತ್ತು."

ಮಾತ್ರೆ ಮುಗಿದು, ರೋಗ ಹೋಯಿತು ಎಂದು ಡಾಕ್ಟರು ಹೇಳಿದ ಮೇಲೆ ಅಡವಯ್ಯ ಸಿರಾಕ್ಕೆ ಹೋದ. ನಂದೀಶ್ವರಯ್ಯ ಬಾಗಿಲಲ್ಲೇ ನಿಂತು ಮಾತಾಡಿದ. "ವಾಸಿ ಆಗೈತೆ ಅಂತ ನಂಗೊತ್ತು ಕಣಯ್ಯ. ಮದ್ವೆ ಮನೆಯೋರು ಒಪ್ಬೇಕಲ್ಲ."

ಗೌಡಗೆರೆ ಊರಿನವರು ನಾಟಕದ ಹಾಡು ಬಾಯಲ್ಲೇ ಕಲಿಸಿಕೊಡಿ ಎಂದು ಕರೆಸಿದರು. ಎಲ್ಲರಿಗೂ ಲೋಟದಲ್ಲಿ ಟೀ ಬಂತು, ಅವನಿಗೆ ತೆಂಗಿನ ಚಿಪ್ಪಿನಲ್ಲಿ. ಅಡವಯ್ಯ ಅದನ್ನು ನೆಲಕ್ಕೆ ಸುರಿದು, ಪಾಠ ಶುರುಮಾಡದೆ ಬಸ್ಸಿಗೆ ನಡೆದ. ಮತ್ತೆ ಯಾವ ಊರೂ ಅವನನ್ನು ಕರೆಯಲಿಲ್ಲ.